ಹೊರ್ಸ್ಟ್‌ನ ಗೋರಿಗೆ ಅಮ್ಮ ಹಚ್ಚಿದ ದೀಪ

ಲೊಕ್ನಿತ್ಸ್, ಜರ್ಮನಿ
ನವೆಂಬರ್ ೯

ಪ್ರೀತಿಯ ಹಲೀನಕ್ಕ,

ನೀನು ಫೋನ್ ಎತ್ತೋದಿಲ್ಲ, ನಾನು ಬರೆಯೋದರಲ್ಲಿ ಸೋಮಾರಿ. ಅದಕ್ಕೇ ಇಷ್ಟು ತಡ. ಬೈಕೊಂಡಾದರೂ ಪೂರ್ತಿ ಓದು.

ನಾವು ಚೆನ್ನಾಗಿದ್ದೀವಿ. ನನ್ನ ಗಂಡ ಯೂರೆಕ್ ಈಗಲೂ ದಿನಾ ಗಡಿ ದಾಟಿ ನಿಮ್ಮ ಶ್ಚೆಚಿನ್‌ಗೇ ಕೆಲಸಕ್ಕೆ ಬರ್ತಾನೆ. "ಹಾಸಿಗೆ ಜರ್ಮನಿಯಲ್ಲಿ, ಅನ್ನ ಪೋಲೆಂಡಿನಲ್ಲಿ" ಅಂತ ನಗ್ತಾನೆ. ಅಮ್ಮನಿಗೆ ನಾಲ್ಕು ಮಹಡಿ ಹತ್ತೋ ಕಷ್ಟ ತಪ್ಪಲಿ, ಕೂರೋಕೆ ಅಂಗಳ ಇರಲಿ ಅಂತ ಈ ಮನೆಗೆ ಕರ್ಕೊಂಡು ಬಂದೆ. ನೀನು ಮಾತ್ರ "ಅಮ್ಮನ್ನ ಪರದೇಶಿ ಮಾಡಿದೆ" ಅಂದುಬಿಟ್ಟೆ. ಆ ಮಾತು ಇನ್ನೂ ಚುಚ್ಚುತ್ತೆ ಅಕ್ಕ.

ಸಕಲ ಸಂತರ ಹಬ್ಬಕ್ಕೆ ಅಮ್ಮನನ್ನ ಶ್ಚೆಚಿನ್‌ಗೆ, ಅಪ್ಪನ ಗೋರಿಗೆ ದೀಪ ಹಚ್ಚೋಕೆ ಕರ್ಕೊಂಡು ಹೋಗಬೇಕು ಅಂತಿದ್ದೆ. ಸೇವಂತಿಗೆ ಕುಂಡಗಳನ್ನ ಕಾರಲ್ಲಿಟ್ಟು ತಿರುಗಿದರೆ ಅಮ್ಮನೂ ಇಲ್ಲ, ದೀಪದ ಚೀಲವೂ ಇಲ್ಲ. ಹುಡುಕಿ ಹುಡುಕಿ ಕೊನೆಗೆ ಈ ಊರಿನ ಸ್ಮಶಾನಕ್ಕೆ ಹೋದೆ. ಇಲ್ಲಿಯವರು ಆ ದಿನ ದೀಪ ಹಚ್ಚೋದಿಲ್ಲ. ಅಷ್ಟು ಗೋರಿಗಳ ನಡುವೆ ಒಂದೇ ಒಂದು ಕೆಂಪು ದೀಪ ಉರೀತಿತ್ತು. ಪಕ್ಕದ ಮನೆ ಲೂಡ್ಕೆ ಅಜ್ಜಿಯ ಗಂಡ ಹೊರ್ಸ್ಟ್‌ನ ಗೋರಿ ಅದು. ಅಮ್ಮ ಎಲೆ ಗುಡಿಸಿ, ಪಕ್ಕದಲ್ಲಿ ಕೂತು ಮಾತಾಡ್ತಿದ್ದಳು. ಲೂಡ್ಕೆ ಅಜ್ಜಿ ಸೊಂಟಕ್ಕೆ ಕೈಯಿಟ್ಟು ನೋಡ್ತಾ ನಿಂತಿದ್ದಳು.

"ಅಪ್ಪ ಇಲ್ಲಿಲ್ಲಮ್ಮ, ಏಳು" ಅಂದೆ.

"ಸುಮ್ನಿರಮ್ಮ. ನನ್ನ ಗಂಡ ಎಲ್ಲಿದ್ದಾನೆ ಅಂತ ನಂಗೊತ್ತಿಲ್ವಾ?" ಅಂದಳು ಅಮ್ಮ.

ನನ್ನ ಅರೆಬರೆ ಜರ್ಮನ್‌ನಲ್ಲಿ ಅಜ್ಜಿಯ ಕ್ಷಮೆ ಕೇಳೋಕೆ ಹೊರಟೆ. "ಬಿಡೇ, ಅವನ ಹತ್ತಿರ ಇಷ್ಟು ಹೊತ್ತು ನಾನೂ ಕೂತಿಲ್ಲ" ಅಂದಳು. "ಬದುಕಿದ್ದಾಗ ಯಾರ ಮಾತೂ ಕೇಳಲಿಲ್ಲ, ಈಗಾದರೂ ಕೇಳಲಿ." ದೀಪ ಆರೋವರೆಗೂ ನಾವು ಮೂವರೂ ಅಲ್ಲೇ ಇದ್ದೆವು. ಅಪ್ಪನ ಗೋರಿಗೆ ಈ ಸಲ ನಮ್ಮ ದೀಪ ಬರಲಿಲ್ಲ. ನೀನು ಹಚ್ಚಿರ್ತೀಯ, ಗೊತ್ತು.

ಕ್ರಿಸ್‌ಮಸ್ ಮುನ್ನಾದಿನ ಬಾ ಅಕ್ಕ. ಯಾರಾದರೂ ಬಂದರೆ ಇರಲಿ ಅಂತ ಮೇಜಿನ ಮೇಲೆ ಒಂದು ತಟ್ಟೆ ಖಾಲಿ ಇಡ್ತೀವಲ್ಲ, ಈ ಸಲ ಅದು ನಿನ್ನದೇ. ದೇವಮಾತೆ ನಿನ್ನನ್ನ ಕಾಯಲಿ.

ನಿನ್ನ ತಂಗಿ,
ಮಿರ್ಕಾ

ಮರೆತದ್ದಲ್ಲ, ಬರೆಯೋಕೆ ಕೈ ಬರಲಿಲ್ಲ: ಅಮ್ಮ ಆ ಗೋರಿ ಪಕ್ಕ ಕೂತು ಅಪ್ಪನಿಗೆ ಹೇಳ್ತಿದ್ದದ್ದು ಇದು. "ನಮ್ಮ ಹುಡುಗಿಯರಿಬ್ಬರೂ ಶ್ಚೆಚಿನ್‌ನಲ್ಲೇ ಇದ್ದಾರೆ, ಬಂದು ಕರ್ಕೊಂಡು ಹೋಗ್ತಾರೆ. ಅಲ್ಲೀವರೆಗೂ ಈ ಜರ್ಮನ್ ಹೆಂಗಸು ನೋಡ್ಕೊಳ್ತಾಳೆ. ಪಾಪ, ಒಳ್ಳೆಯವಳು, ನಮ್ಮ ಭಾಷೇನೂ ಚೆನ್ನಾಗಿ ಕಲಿತಿದ್ದಾಳೆ." ಹಾಗಂತ ನನ್ನ ಕಡೆ ಕೈ ತೋರಿಸಿದಳು. ನೀನು ಬಂದು, ಇವಳು ಮಿರ್ಕಾ ಅಂತ ಹೇಳು ಅಕ್ಕ. ನಿನ್ನ ಮಾತಾದರೆ ನಂಬ್ತಾಳೇನೋ.