ಬಾಣಂತಿ ಕೋಣೆಯ ದೆವ್ವ

ಹಾನಗಲ್ಲ
೧೪ ಮಾರ್ಚ್ ೧೯೮೯

ಚಿ. ಸೌ. ನೀಲಾಗೆ ನಿನ್ನ ಅವ್ವನ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಟಿವಿ ಧಾರಾವಾಹಿಯಲ್ಲಿ ನಮ್ಮ ವಾಡೆಯ ಬಾಣಂತಿ ಕೋಣೆಯಿಂದ ದೆವ್ವ ಹೊರಬಂದದ್ದನ್ನು ಕಂಡು ನಿನ್ನ ಅತ್ತೆ ಹೆದರಿದ್ದಾರೆ, ಹೆರಿಗೆಗೆ ತವರಿಗೆ ಕಳಿಸುವುದಿಲ್ಲ, ಹಿರೇಕೆರೂರಿನ ದವಾಖಾನೆಯಲ್ಲೇ ಆಗಲಿ ಎನ್ನುತ್ತಾರೆ ಎಂದು ಬರೆದಿದ್ದೀ. ಎರಡು ಸಲ ಓದಿದೆ. ನಂಬಿಕೆ ಬರಲಿಲ್ಲ.

ಇಲ್ಲಿ ನಿನ್ನ ಅಪ್ಪ ಕೋಣೆಗೆ ಸುಣ್ಣ ಹೊಡೆಸಿ ಕಾಯುತ್ತಿದ್ದಾರೆ. ಮನೆಮಗಳ ಚೊಚ್ಚಲ ಹೆರಿಗೆ ಅಲ್ಲಿಯೇ ಆಗಬೇಕು, ದವಾಖಾನೆಗೆ ಹೋದರೆ ಮನೆತನಕ್ಕೆ ಕಡಿಮೆ ಎಂಬುದು ಅವರ ಹಟ.

ದೀಪಾವಳಿಗೆ ನೀನು ಬಂದಾಗಲೇ ಬೆಂಗಳೂರಿನವರು ಇಲ್ಲಿ ಶೂಟಿಂಗ್ ಮಾಡಿದ್ದು. ಮೊದಲ ದಿನ ಅವರ ದೆವ್ವ ಅಟ್ಟದ ಮೇಲಿತ್ತು. ಆಮೇಲೆ ಬಾಣಂತಿ ಕೋಣೆಗೆ ಇಳಿಯಿತು. ಯಾಕೆಂದು ಆಗ ಕೇಳಲಿಲ್ಲ. ಮೊನ್ನೆ ಟಿವಿ ನೋಡುವಾಗ ಅನುಮಾನ ಬಂತು. ದೆವ್ವ ಕಿಟಕಿಯ ಸಂದಿಗೆ ತುರುಕಿದ ಅರಿವೆಗಳನ್ನು ಕಿತ್ತೆಸೆದು, ಗಾಳಿ ಬೇಕು ಎಂದು ಅಳುತ್ತದೆ. ನಿನ್ನ ಸೋದರತ್ತೆ ಬಸಲಿಂಗವ್ವ ಆ ಕೋಣೆಯಲ್ಲಿ ಕೂಸಿನೊಂದಿಗೆ ಸಾಯುವ ಮೊದಲು ಬೇಡಿದ್ದೂ ಅದನ್ನೇ. ಬಾಣಂತಿಗೆ ಗಾಳಿ ತಾಗಬಾರದೆಂದು ಹಿರಿಯರು ಕಿಟಕಿ ತೆಗೆಯಲಿಲ್ಲ. ಡಾಕ್ಟರನ್ನೂ ಕರೆಯಲಿಲ್ಲ. ಈ ಸಂಗತಿ ಮನೆಯ ಹೊರಗೆ ಹೋದದ್ದಲ್ಲ.

ಅಂದು ಒಳಗಿದ್ದವಳು ಸೂಲಗಿತ್ತಿ ಮಂಜವ್ವ. ಅವಳನ್ನೇ ಕರೆಸಿ ಕೇಳಿದೆ. "ಸತ್ತಾಕಿನ್ನ ಟೀವ್ಯಾಗ ಕುಣಸಾಕ ನನಗೇನ ಹುಚ್ಚ ಹಿಡದೈತೇನ್ರಿ ಅವ್ವಾರ?" ಎಂದು ಕೊಟ್ಟ ಚಹಾ ಕುಡಿಯದೆ ಎದ್ದು ಹೋದಳು. ಇನ್ನು ಅವಳನ್ನು ಒಲಿಸುವ ಕೆಲಸ ಬೇರೆ.

ಆಮೇಲೆ ನಿನ್ನ ಅತ್ತೆ ವೀರವ್ವನವರ ಮೇಲೆ ಸಂಶಯಪಟ್ಟೆ. ನಿನ್ನ ಸೀಮಂತದ ಕುಬಸದಲ್ಲಿ ನಮ್ಮಿಂದ ಏನಾದರೂ ಕಡಿಮೆಯಾಗಿ, ಅದಕ್ಕೆ ಈ ನೆಪ ತೆಗೆದರೇ ಎಂದುಕೊಂಡೆ. ಸೋಮವಾರ ಅವರು ಮದುವೆಯೊಂದಕ್ಕೆ ಇಲ್ಲಿಗೆ ಬಂದಿದ್ದರು. ಊಟಕ್ಕೆ ಪಕ್ಕದಲ್ಲೇ ಕುಳಿತು ಕೇಳಿದೆ. ವೀರವ್ವನವರು ನಕ್ಕುಬಿಟ್ಟರು.

"ನಮ್ಮ ಟೀವ್ಯಾಗ ಬರೇ ಚುಕ್ಕಿ ಕಾಣತಾವ್ರಿ ಬೀಗತ್ಯಾರ, ದೆವ್ವ ಎಲ್ಲಿ ಕಾಣಬೇಕು? ಕಳಸಾಕ ನಾವು ತಯಾರ ಅದೇವಿ. ನಿಮ್ಮ ಮಗಳ ಒಲ್ಲೆ ಅಂತಾಳ."

ನಾನು ಹೋಳಿಗೆ ಮುರಿಯತೊಡಗಿದೆ. ಬಸಲಿಂಗವ್ವನ ಮಾತನ್ನು ನಾನು ಹೇಳಿದ್ದು ಒಬ್ಬಳಿಗೇ, ಹಬ್ಬದ ದಿನ ನಿನ್ನ ತಲೆಗೆ ಎಣ್ಣೆ ಹಚ್ಚುವಾಗ. ಮರುದಿನವೇ ದೆವ್ವ ಅಟ್ಟ ಬಿಟ್ಟಿತು. ಡೈರೆಕ್ಟರ್‌ಗೆ ನೀನು ಚಹಾ ಒಯ್ದು ಬಹಳ ಹೊತ್ತು ಮಾತಾಡಿದ್ದನ್ನೂ ನೋಡಿದ್ದೆ.

ಅಪ್ಪನ ಎದುರು ಆ ಕೋಣೆಯಲ್ಲಿ ಹೆರಲು ಹೆದರಿಕೆಯಾಗುತ್ತದೆ ಎನ್ನಲಾಗದೆ ದೆವ್ವದಿಂದ ಹೇಳಿಸಿದ್ದೀ. ಅದು ಸಾಲದೆ ಅತ್ತೆಯ ಹೆಸರನ್ನೂ ಎಳೆದಿದ್ದೀ. ನನಗಾದರೂ ನಿಜ ಹೇಳಬಹುದಿತ್ತು. ಸಿಟ್ಟು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅಂದು ಬಸಲಿಂಗವ್ವನ ದನಿಯನ್ನು ಹೊರಗೆ ನಿಂತು ಕೇಳಿದವಳು ನಾನು. ದವಾಖಾನೆಯಲ್ಲಿ ಹೆಸರು ಹಚ್ಚಿಸು. ಬಾಣಂತನಕ್ಕೆ ನಾನೇ ಅಲ್ಲಿಗೆ ಬರುತ್ತೇನೆ.

ನಿನ್ನ ಅವ್ವ,
ಸರೋಜವ್ವ

ತಾ.ಕ.: ಇಂದು ಬೆಳಿಗ್ಗೆ ನಿನ್ನ ಅಪ್ಪ, "ದೆವ್ವ-ಗಿವ್ವ ಎಲ್ಲಾ ಸುಳ್ಳ, ನಾನ ಹೋಗಿ ಆಕಿನ್ನ ಕರಕೊಂಡ ಬರ್ತೇನಿ" ಎಂದು ಹೊರಟಿದ್ದರು. ಸುಳ್ಳಲ್ಲ, ಆ ಕೋಣೆಯಲ್ಲಿ ಬಸಲಿಂಗವ್ವ ಅಳುವುದು ನನಗೂ ಕೇಳುತ್ತಿದೆ ಎಂದೆ. ಮೆಟ್ಟಿದ ಚಪ್ಪಲಿ ಕಳಚಿ ಕಟ್ಟೆಯ ಮೇಲೆ ಕುಳಿತವರು ಇನ್ನೂ ಎದ್ದಿಲ್ಲ. ಅವರು ನಿನ್ನನ್ನು ಕೇಳಿದರೆ, ಆ ಅಳು ನನಗೆ ದೀಪಾವಳಿಯಲ್ಲೇ ಕೇಳಿಸಿತ್ತು ಎಂದು ಬರೆ. ಇಬ್ಬರ ಮಾತೂ ಒಂದೇ ಇರಲಿ.