ಮೊದಲ ಹೆರಿಗೆ ತವರಿನದು

ಭಟ್ಕಳ
ಫೆಬ್ರುವರಿ ೪, ಮಂಗಳವಾರ

ನನ್ನ ಅವ್ವಿಗೆ,

ಸುಚಿತಾ ಕಾಲಿಗೆ ಬಿದ್ದು ಬರೆಯುವುದು. ಫೋನು ಇರುವಾಗ ಕಾಗದ ಯಾಕೆ ಎಂದು ಹೆದರಬೇಡ. ಇಲ್ಲಿ ನಿನ್ನ ಫೋನು ಬಂದರೆ ಅತ್ತೆ ಸ್ಪೀಕರ್ ಹಾಕಿ ಜಗಲಿಯಲ್ಲಿ ಇಡುತ್ತಾರೆ. ಎಲ್ಲರೆದುರು ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತು. ಇಲ್ಲಿಂದ ಮೀನು ಮಾರಲು ನಮ್ಮ ಮಂಕಿಗೆ ಬರುವ ಮಂಜಿಯ ಕೈಯಲ್ಲಿ ಇದನ್ನು ಕಳಿಸಿದ್ದೇನೆ. ತಂಗಿ ಅಂಕಿತಾ ಓದಿ ಹೇಳಲಿ, ಅಪ್ಪ ಇಲ್ಲದ ಹೊತ್ತಿನಲ್ಲಿ.

ಮುಂದಿನ ವಾರ ನನ್ನನ್ನು ಹೆರಿಗೆಗೆ ಕರೆದೊಯ್ಯಲು ಬರುತ್ತೀಯಂತೆ. ಒಳಗಿನ ಕೋಣೆಗೆ ಸುಣ್ಣ ಹೊಡೆಸಿ, ಬಾಣಂತಿ ಸ್ನಾನಕ್ಕೆ ತೆಂಗಿನ ಸಿಪ್ಪೆ ಒಣಗಿಸಿ ಇಟ್ಟಿದ್ದೀಯಂತೆ. ಹೇಗೆ ಬರೆಯಲಿ, ನಾನು ಬರುವುದಿಲ್ಲ ಅವ್ವಿ.

ಹೋದ ವಾರ ಸರ್ಕಾರಿ ಆಸ್ಪತ್ರೆಯಲ್ಲಿ ಮಗು ಅಡ್ಡ ಮಲಗಿದೆ ಎಂದರು. ತಿರುಗದಿದ್ದರೆ ಆಪರೇಷನ್ನೇ ಆಗಬೇಕು. ಇಲ್ಲಿ ಆಗುತ್ತದಾ ಎಂದು ಕೇಳಿದೆ. ನರ್ಸ್ ವಿನುತಕ್ಕ ನಕ್ಕರು. ಹೊಸ ಕೋಣೆ ಇದೆ, ಲೈಟು ಇದೆ, ಟೇಬಲ್ಲಿನ ಪ್ಲಾಸ್ಟಿಕ್ಕೂ ಬಿಚ್ಚಿಲ್ಲ, ಮದ್ದು ಕೊಟ್ಟು ಎಚ್ಚರ ತಪ್ಪಿಸುವ ಡಾಕ್ಟರು ಮಾತ್ರ ಇಲ್ಲ ಎಂದರು. ಗೋಡೆಗೆ ದುಡ್ಡು ಬತ್ತದೆ, ಮನುಷ್ಯರ ಸಂಬಳಕ್ಕೆ ಬರೂದಿಲ್ಲ ಮಾರಾಯ್ತಿ ಎಂದರು. ನಿನ್ನ ಕಡೆಯೂ ಅದೇ ಕಥೆ. ನೋವು ಎದ್ದರೆ ಉಡುಪಿ ಕಡೆಗೇ ಓಡಬೇಕು. ಮಂಕಿಯಿಂದ ಹೊರಟರೆ ದಾರಿ ಇನ್ನೂ ಉದ್ದ.

ಶನಿವಾರ ದಿಲ್ಲಿಯ ಬಜೆಟ್ ಟಿವಿಯಲ್ಲಿ ಬಂತು. ನಾನು ಮೀನು ಕೊಯ್ಯುವುದು ಬಿಟ್ಟು ಬಾಗಿಲಲ್ಲಿ ನಿಂತೆ. ಆಸ್ಪತ್ರೆ ಎಂಬ ಮಾತು ಬಂದಾಗಲೆಲ್ಲ ಕಿವಿ ಕೊಟ್ಟೆ. ಸಾವಿರ ಕೋಟಿ, ಲಕ್ಷ ಕೋಟಿ ಎಂದು ಓದುತ್ತಲೇ ಇದ್ದರು. ಪಕ್ಕದ ಮನೆಯ ಶನಿಯಾರಣ್ಣ, ಎಂತ ಸುಚಿತಾ, ನಿನ್ನ ಹೊಟ್ಟೆ ಹೆಸರು ಬಂತಾ ಎಂದು ಕೇಳಿ ಎಲ್ಲರನ್ನೂ ನಗಿಸಿದ. ನಾನೂ ನಕ್ಕೆ. ಒಳಗೆ ಬಂದು ಮತ್ತೆ ಮೀನು ಕೊಯ್ಯಲು ಕೂತೆ. ಯಾವುದಕ್ಕೆ ಮೊದಲು ಹಣ ಕೊಡಬೇಕು ಎಂದು ಅವರು ಯೋಚಿಸಿ ಮುಗಿಸುವವರೆಗೆ ಮಗು ಹೊಟ್ಟೆಯಲ್ಲಿ ಕಾಯುವುದಿಲ್ಲ.

ನಾದಿನಿ ಸುಶ್ಮಿತಾ ಮಲ್ಪೆಯಲ್ಲಿದ್ದಾಳೆ. ಅವಳ ಮನೆಗೆ ದೊಡ್ಡ ಆಸ್ಪತ್ರೆ ಹತ್ತಿರ. ಬಾ ಎಂದಿದ್ದಾಳೆ. ನಿನ್ನ ಅಳಿಯನಿಗೆ ಹೇಳಿದರೆ, ಅವ್ವ ಹೇಳ್ದಂಗೆ ಆಗ್ಲಿ ಎಂದು ಬೋಟಿಗೆ ಹೋದರು. ಅತ್ತೆ, ಅಡ್ಡ ಇದ್ದದ್ದು ತಿರುಗ್ತದೆ, ನಂಗೂ ಹಂಗೇ ಇತ್ತು ಎಂದರು. ತವರು ಗಟ್ಟಿ ಇರುವಾಗ ಮೊದಲ ಹೆರಿಗೆಗೆ ಸೊಸೆಯನ್ನು ಮಗಳ ಮನೆಗೆ ಕಳಿಸೂದು ಯಾವ ಊರ ಪದ್ಧತಿ, ನಿನ್ನ ಅಪ್ಪನ ಮನೆಯವ್ರು ನನ್ನ ಮುಖಕ್ಕೆ ಉಗೀತಾರೆ ಎಂದರು. ಅವರ ಮಾತು ತಪ್ಪಲ್ಲ. ನಿನಗೂ ಅಷ್ಟೇ ನೋವಾಗುತ್ತದೆ.

ಆದರೆ ಅದೇ ಪದ್ಧತಿಯಲ್ಲಿ ಇನ್ನೊಂದು ಮಾತೂ ಇದೆಯಲ್ಲ. ಮೊದಲ ಹೆರಿಗೆ ಎಲ್ಲಿ, ಹೇಗೆ ಎಂದು ಹೇಳುವವಳು ಹೆಣ್ಣು ಹೆತ್ತವಳು. ಅದಕ್ಕೆ ಗಂಡನ ಮನೆಯವರು ಎದುರಾಡುವುದಿಲ್ಲ. ನೀನು ಅತ್ತೆಗೆ ಫೋನು ಮಾಡು. ಮಗಳ ಹೆರಿಗೆ ನಾ ಮಲ್ಪೆಯಲ್ಲೇ ಮಾಡಿಸ್ತೆ, ನಾನೇ ಬಂದು ಕೂತ್ಕಂತೆ ಎನ್ನು. ಜಗಲಿಯಲ್ಲಿ ಎಲ್ಲರೂ ಕೇಳಲಿ. ಸಿಪ್ಪೆಯ ಮೂಟೆಯನ್ನೂ ತಾ. ಸುಶ್ಮಿತಾಳ ಬಚ್ಚಲಲ್ಲಿ ನೀನೇ ನೀರು ಕಾಯಿಸಿ ಹಾಕು. ನೀನು ನೀರು ಹಾಕಿದ ಕಡೆ ತವರಲ್ಲವಾ?

ಕೂತರೂ ಸಮಾಧಾನವಿಲ್ಲ, ನಿಂತರೂ ಇಲ್ಲ. ಮಗು ಒದ್ದಾಗಲೆಲ್ಲ ತಿರುಗಿತಾ ಎಂದು ಕೈ ಇಟ್ಟು ನೋಡುತ್ತೇನೆ. ತಲೆ ಬದಿಯಲ್ಲೇ ಸಿಗುತ್ತದೆ.

ಸಿಟ್ಟು ಮಾಡಬೇಡ.

ನಿನ್ನ ಮಗಳು
ಸುಚಿತಾ

ಮತ್ತೊಂದು ಮಾತು: ಶುಕ್ರವಾರದ ತನಕ ನಿನ್ನ ಫೋನಿಗೆ ಕಾಯುತ್ತೇನೆ. ನನ್ನ ಬಟ್ಟೆಯ ಚೀಲ ಆಗಲೇ ಮಂಜಿಯ ಮನೆ ಸೇರಿದೆ, ಇಲ್ಲಿ ಯಾರಿಗೂ ಗೊತ್ತಿಲ್ಲ. ನೀನು ಅತ್ತೆಗೆ ಹೇಳಿದರೆ ಎಲ್ಲರ ಎದುರು ಮಲ್ಪೆಗೆ ಹೋಗುತ್ತೇನೆ. ಹೇಳದಿದ್ದರೂ ಶನಿವಾರ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತೇನೆ.