ಹಿಂದಿನ ರಟ್ಟಿನ ಒಳಪುಟ

ಸವದತ್ತಿ,
೪ ಅಕ್ಟೋಬರ್ ೨೦೨೫, ಶನಿವಾರ

ನಮ್ಮ ವರದಾಳ ಅಪ್ಪನಿಗೆ, ಪ್ರೀತಿಯ ನಮಸ್ಕಾರ.

ಕಾಲಿನ ಬಾವು ಇಳಿಯಿತೇ? ಹಡಗಿನಲ್ಲಿ ಈಗಲೂ ಬರೀ ಅನ್ನ, ಉಪ್ಪೇ? ಫೋನಿನಲ್ಲಿ ಕೇಳಿದರೆ "ಆರಾಮಿದ್ದೇನಿ, ಚಿಂತಿ ಮಾಡಬ್ಯಾಡ" ಎಂದು ಇಟ್ಟುಬಿಡುತ್ತೀರಿ. ಹನ್ನೊಂದು ತಿಂಗಳಿಂದ ಅದೊಂದೇ ಮಾತು ಕೇಳಿ ಕೇಳಿ ನನಗೆ ರೇಗಿಹೋಗಿದೆ. ಇಲ್ಲಿ ಮಾವನವರಿಗೆ ಮಂಡಿನೋವು, ಅತ್ತೆಯವರಿಗೆ ಹಗಲೆಲ್ಲ ನಿಮ್ಮದೇ ಜಪ. ಮುಂಬಯಿಯ ನಾವಿಕರ ಸಂಘದವರು ಸೋಮವಾರ ನಿಮಗೆ ಔಷಧ ಕಳಿಸುತ್ತಾರಂತೆ, ಜೊತೆಗೆ ಪತ್ರವನ್ನೂ ಕೊಡಬಹುದಂತೆ. ಅದಕ್ಕೇ ಬರೆಯಲು ಕುಳಿತೆ.

ಆ ಹಡಗಿನ ಮಾಲೀಕನ ಮನೆ ಹಾಳಾಗಲಿ! ಐದು ಜನರನ್ನು ಪರದೇಶದ ಬಂದರಿನ ಹೊರಗೆ, ನಡುನೀರಿನಲ್ಲಿ ಬಿಟ್ಟು ತಲೆಮರೆಸಿಕೊಂಡನಲ್ಲ, ಅವನಿಗೆ ಹೆಂಡತಿ ಮಕ್ಕಳಿಲ್ಲವೇ? ನಾಲ್ವರನ್ನು ಊರಿಗೆ ಬಿಡಲು ಬಂದರಿನವರು ಒಪ್ಪಿದ್ದಾರೆ, ಆದರೆ ಹಡಗು ಮಾರಾಟವಾಗುವ ತನಕ ಒಬ್ಬ ಅದರಲ್ಲೇ ಕಾವಲಿರುತ್ತೇನೆಂದು ಸಹಿ ಹಾಕಬೇಕು ಎಂದು ಮೊನ್ನೆ ಹೇಳಿದಿರಿ. ಎಷ್ಟು ವರ್ಷವೋ ದೇವರಿಗೇ ಗೊತ್ತು. ಉಳಿಯುವವರು ಯಾರು ಎಂದರೆ "ಇನ್ನೂ ಪಕ್ಕಾ ಆಗಿಲ್ಲ" ಎಂದು ಕೆಮ್ಮಿದಿರಿ. ಸುಳ್ಳು ಹೇಳುವಾಗ ನಿಮಗೆ ಕೆಮ್ಮು ಬರುತ್ತದೆ ಎಂಬುದು ಮದುವೆಯಾದ ವಾರದಲ್ಲೇ ನನಗೆ ತಿಳಿದಿತ್ತು.

ವರದಾ ನಿಮ್ಮ ಟ್ರಂಕಿನಿಂದ ಆ ಚಿತ್ರಕಥೆಯ ಪುಸ್ತಕ ತೆಗೆದಾಗಿನಿಂದ ಕೈಬಿಟ್ಟಿಲ್ಲ. ಅದೇ, ನೀವು ಹುಡುಗರಿದ್ದಾಗ ಬೈಲಹೊಂಗಲದ ಸಂತೆಯಲ್ಲಿ ಹಳೆಯ ಪುಸ್ತಕಗಳ ರಾಶಿಯಿಂದ ಆರಿಸಿ ತಂದದ್ದು. ಐವರು ಆಕಾಶಯಾನಿಗಳ ರಾಕೆಟ್ಟು ಹಸಿರು ಗ್ರಹದಲ್ಲಿ ಕೆಟ್ಟು ನಿಲ್ಲುವ ಕಥೆ. "ಇವರ್ಯಾಕ ತಲಿಗೆ ಉಪ್ಪಿನಕಾಯಿ ಭರಣಿ ಹಾಕ್ಕೊಂಡಾರ?" ಎಂದು ಅತ್ತೆಯವರು ಕೇಳಿ ನಮ್ಮನ್ನು ನಗಿಸಿದರು. ವರದಾ ಮಾತ್ರ ನಗಲಿಲ್ಲ. "ಅಪ್ಪನ ಹಡಗಿನ್ಯಾಗೂ ಐದೇ ಮಂದಿ ಅಲ್ಲಾ ಅಮ್ಮಾ?" ಎಂದಳು. ಪುಸ್ತಕದ ಹಿಂದಿನ ರಟ್ಟು ಇಲ್ಲ; ಐವರೂ ಸೇರಿ ಒಂದು ಸಣ್ಣ ರಾಕೆಟ್ಟು ಕಟ್ಟಿ ಅದರ ಮುಂದೆ ನಿಂತಲ್ಲಿಗೆ ಕಥೆ ಕಡಿದುಹೋಗಿದೆ. ಮುಂದೇನು ಎಂದು ಅವಳು ಫೋನಿನಲ್ಲಿ ಕೇಳಿದಾಗ ನೀವು "ಎಲ್ಲಾರೂ ನಕ್ಕೋತ ಮನಿಗೆ ಹೋದ್ರು, ಪುಟ್ಟಿ" ಎಂದಿರಲ್ಲ, ಆ ಮಾತನ್ನೇ ಹಿಡಿದುಕೊಂಡು ಅವಳು ದಿನ ಎಣಿಸುತ್ತಿದ್ದಾಳೆ.

ಈ ನವರಾತ್ರಿಯಲ್ಲಿ ಮಾವನವರು ಸರಸ್ವತಿ ಪೂಜೆಗೆ ತಮ್ಮ ಪುರಾಣದ ಪೋಥಿಗಳನ್ನು ಕೆಂಪು ವಸ್ತ್ರದಲ್ಲಿ ಕಟ್ಟುವಾಗ ಇವಳು ಆ ಪುಸ್ತಕವನ್ನೂ ಒಯ್ದು ನಡುವೆ ಇಟ್ಟಳು, ಅಪ್ಪ ಬೇಗ ಬರಲಿ ಎಂದು. ಬೈಗುಳ ಬಿತ್ತು ಅಂದುಕೊಂಡೆ. ಮಾವನವರು ನಾಲ್ಕು ಹಾಳೆ ತಿರುವಿ "ಇರಲಿ, ಇದರಾಗೂ ಅಕ್ಷರ ಅದಾವಲ್ಲಾ" ಎಂದು ಕಟ್ಟಿಬಿಟ್ಟರು. ಪೂಜೆಗಿಟ್ಟ ಮೇಲೆ ದಶಮಿಯ ತನಕ ಓದುವಂತಿಲ್ಲ. ಮೂರು ದಿನ ಅವಳು ಗಂಟಿನ ಎದುರಿಗೇ ಕುಳಿತಿದ್ದಳು.

ಈಗಷ್ಟೇ ಪಕ್ಕಕ್ಕೆ ಬಂದು ಕುಳಿತು ನಾನು ಬರೆಯುವುದನ್ನು ಓದುತ್ತಿದ್ದಾಳೆ. "ಅಪ್ಪಾ, ದೀಪಾವಳಿಗೆ ಬಂದ ಬಿಡು" ಎಂದು ಬರೆಯಬೇಕಂತೆ. ಹಿರಿಯರಿಬ್ಬರ ಆಶೀರ್ವಾದ. ಲಕೋಟೆಯಲ್ಲಿ ಎರಡು ಬನ್ನಿ ಎಲೆ ಇಟ್ಟಿದ್ದೇನೆ, ನನ್ನ ಪಾಲಿನದು ಒಂದು, ಅವಳದು ಒಂದು. ಬನ್ನಿ ತಗೊಂಡು ಬಂಗಾರದಂಗ ಇರೋಣ.

ನಿಮ್ಮ
ಪ್ರಿಯಂವದಾ

ತಾ.ಕ.: ವರದಾ ಆಡಲು ಹೋದಳು, ಅವಳು ಬರುವುದರೊಳಗೆ ಬರೆಯುತ್ತೇನೆ. ದಶಮಿಯ ದಿನ ಮಾವನವರ ಪೋಥಿಯ ಹೊದಿಕೆ ಕಿತ್ತು ಬಂತು. ಅದರೊಳಗೆ ನಿಮ್ಮ ಪುಸ್ತಕದ ಹಿಂದಿನ ರಟ್ಟು! ನೀವು ಹುಡುಗರಿದ್ದಾಗ, ಗಟ್ಟಿ ಕಾಗದವೆಂದು ಅವರೇ ಹರಿದು ಅಂಟಿಸಿದ್ದರಂತೆ. ಕಥೆಯ ಕೊನೆಯ ಪುಟ ಅದರ ಒಳಮೈಯಲ್ಲೇ ಅಚ್ಚಾಗಿದೆ. ಆ ಸಣ್ಣ ರಾಕೆಟ್ಟಿನಲ್ಲಿ ನಾಲ್ಕೇ ಜಾಗ. ನಾಲ್ವರು ಹಾರುತ್ತಾರೆ, ಒಬ್ಬ ಕೆಳಗೆ ನಿಂತು ಕೈ ಬೀಸುತ್ತಾನೆ. ಅವನ ಅಂಗಿಗೆ ನೀವು ಕೆಂಪು ಪೆನ್ಸಿಲ್ ತಿಕ್ಕಿ, ಕೆಳಗೆ ನಿಮ್ಮ ಹೆಸರು ಬರೆದಿದ್ದೀರಿ. ಮಗಳಿಗೆ ಕಥೆ ಹೇಳಿದ ಮೇಲೂ ಕೆಮ್ಮಿದಿರಂತೆ, ನನಗೆ ಈಗ ಅರ್ಥವಾಯಿತು. ಮಾವನವರು ಆ ಪುಟ ನೋಡಿದವರು ಅಂದು ಊಟಕ್ಕೂ ಏಳಲಿಲ್ಲ.

ಇಂದು ಬೆಳಿಗ್ಗೆ ರಾಮದುರ್ಗದಿಂದ ನಿಮ್ಮ ಜೊತೆಗಿರುವ ಶಿವಲಿಂಗನ ಹೆಂಡತಿ ರಾಣಿ ಫೋನ್ ಮಾಡಿದ್ದಳು. "ಅಕ್ಕಾರ, ಅಣ್ಣಾರು ತಾವ ಉಳೀತೇನಿ ಅಂದಾರಂತ್ರಿ. ನಮ್ಮವರು ಕೂಸಿನ ಮಾರಿ ನೋಡಾಕ ಬರ್ತಾರ್ರಿ" ಎಂದು ಅತ್ತಳು. ಅವಳಿಗೆ ಒಳ್ಳೆಯದಾಗಲಿ. ನಾನು ಸ್ವಾರ್ಥಿ ಎನ್ನಿ, ಅನ್ನಿಸಿಕೊಳ್ಳುತ್ತೇನೆ. ಐವರ ಹೆಸರೂ ಬರೆದು ಚೀಟಿ ಎತ್ತಿ. ನಿಮ್ಮದೇ ಬಂದರೆ ಅತ್ತು ಸುಮ್ಮನಾಗುತ್ತೇನೆ. ನೀವಾಗಿಯೇ ಮುಂದೆ ಹೋದರೆ ಮಾತ್ರ ನನ್ನ ಕೈಲಿ ತಡೆದುಕೊಳ್ಳಲು ಆಗುವುದಿಲ್ಲ. ಆ ಪುಟವನ್ನು ವರದಾಳಿಗೆ ತೋರಿಸಿಲ್ಲ. ಮದುವೆಯಲ್ಲಿ ಒಡಪಿನಲ್ಲಿ ಹೇಳಿದ್ದು ಬಿಟ್ಟರೆ ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಇಂದು ಬರೆಯುತ್ತಿದ್ದೇನೆ. ಸಂಜೀವ, ಸಹಿ ಹಾಕಬೇಡಿ.